ಪ್ರಾರ್ಥನೆಯ ನಡುವೆ ಬಂದ ನಗು

ಈ ಬರಹದಲ್ಲಿ ಕೊರತೆಗಳಿದ್ದರೆ ಓದುಗರು ಮನ್ನಿಸಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಬ್ಯಾಂಕಿನ ಪತ್ರಗಳನ್ನು ಬರೆದು ಅಭ್ಯಾಸವಿದೆಯೇ ಹೊರತು ಮನೆಯ ಸಂಗತಿಗಳನ್ನು ಬರೆದವನಲ್ಲ. ತಂದೆಯವರು ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಘಟನೆಗಳ ಕ್ರಮದಲ್ಲಿ ಎಲ್ಲಿಯಾದರೂ ಎಡವಿರಬಹುದು. ನನ್ನ ತಪ್ಪನ್ನು ಹೇಳುವಲ್ಲಿ ಮಾತ್ರ ಎಡವಬಾರದೆಂದು ಪ್ರಯತ್ನಿಸಿದ್ದೇನೆ.

ಆಗ ನಾನು ವಿಜಯವಾಡದ ಗವರ್ನರ್‌ಪೇಟೆಯ ಶಾಖೆಯಲ್ಲಿ ಅಧಿಕಾರಿಯಾಗಿದ್ದೆ. ಒಂದು ಬೆಳಿಗ್ಗೆ, ನಮ್ಮೊಡನೆಯೇ ಇದ್ದ ತಂದೆಯವರ ಬಲಗೈಯಿಂದ ಚಹಾದ ಲೋಟ ಜಾರಿತು. ಅವರು ಬಾಗಿ ನೋಡಲಿಲ್ಲ. ಲೋಟ ಬಿದ್ದದ್ದೇ ಅವರಿಗೆ ತಿಳಿದಂತಿರಲಿಲ್ಲ. ಬಾಯಿಯ ಒಂದು ಮೂಲೆ ಕೆಳಗಿಳಿದಿತ್ತು. ಏನೋ ಹೇಳಲು ಹೋದರು. ಶಬ್ದ ಬಂತು, ಮಾತು ಬರಲಿಲ್ಲ.

ಸ್ಟ್ರೋಕ್ ಎಂದರು ಡಾಕ್ಟರು.

ಮೂರು ವಾರಗಳ ನಂತರ ಮನೆಗೆ ಕರೆತಂದೆವು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ, ಮಾತೂ ಮರಳಿರಲಿಲ್ಲ. ನಾನು ಆಫೀಸಿಗೆ ಹೊರಡುವ ಮುನ್ನ ಫಿಸಿಯೋಥೆರಪಿಯ ಅಂಗಸಾಧನೆ ಮಾಡಿಸುತ್ತಿದ್ದೆ. ಬೆಡ್‌ಪ್ಯಾನ್, ಸ್ನಾನ, ಗಂಜಿ ಎಲ್ಲವೂ ನನ್ನ ಹೆಂಡತಿ ಸುನೀತಾಳ ಪಾಲಿಗೆ ಬಂದವು. ಅವಳು ವಿಜಯವಾಡದವಳೇ, ತೆಲುಗು ಕ್ರೈಸ್ತ ಮನೆತನದವಳು. ಮದುವೆಯ ನಂತರ ಕನ್ನಡ ಕಲಿತು, ಅದರಲ್ಲಿಯೇ ಮಾವನೊಡನೆ ತಮಾಷೆ ಮಾಡುವಷ್ಟು ಧೈರ್ಯವಂತೆ. ತಂದೆಯವರು ಎಂದೂ ಆ ತಮಾಷೆಗಳಿಗೆ ನಕ್ಕವರಲ್ಲ.

ಅದಕ್ಕೆ ಕಾರಣವಿತ್ತು. ಅವರು ಗದಗಿನ ಕಡೆಯ ಒಂದು ಮಿಷನ್ ಶಾಲೆಯಲ್ಲಿ ಜವಾನರಾಗಿದ್ದರು. ಭಾನುವಾರ ಚರ್ಚಿನ ಘಂಟೆ ಬಾರಿಸಿ, ಆರಾಧನೆಯ ಹೊತ್ತಿನಲ್ಲಿ ಉದ್ದನೆಯ ಬೆತ್ತ ಹಿಡಿದು ಗೋಡೆಯ ಬದಿಯಲ್ಲಿ ನಿಲ್ಲುವುದೂ ಅವರದೇ ಕೆಲಸ. ಮಕ್ಕಳು ಪಿಸುಗುಟ್ಟಿದರೆ, ನಕ್ಕರೆ, ಬೆತ್ತದ ತುದಿ ತಲೆಯನ್ನು ಮುಟ್ಟುತ್ತಿತ್ತು. ಒಮ್ಮೆ ಹಾರ್ಮೋನಿಯಂ ಮೇಲೆ ಹಲ್ಲಿ ಬಿದ್ದಾಗ ನಾನು ನಕ್ಕೆ. ಅವರು ಬೆತ್ತವನ್ನು ಬದಿಗಿಟ್ಟು ಬಂದು, ಅಂಗೈಯಿಂದ ನನ್ನ ಬಾಯಿ ಮುಚ್ಚಿ ಹೊರಗೆ ಕರೆದೊಯ್ದರು.

“ದೇವರ ಮನ್ಯಾಗ ಹಲ್ಲು ಕಿಸೀತಿ ಏನಲೇ?” ಎಂದಷ್ಟೇ ಕೇಳಿದರು. ಆಮೇಲೆ ನಾನು ಯಾವ ಚರ್ಚಿನಲ್ಲಿಯೂ ನಗಲಿಲ್ಲ.

ತಂದೆಯವರು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರದ ಸಂಜೆಯ ಪ್ರಾರ್ಥನೆ. ನಮ್ಮ ಆರು ವರ್ಷದ ಮಗಳು ಗ್ರೇಸಿ ಅಜ್ಜನ ಪಕ್ಕದಲ್ಲಿ ಕುಳಿತಿದ್ದಳು. ತೀರಿಹೋದ ನನ್ನ ತಾಯಿಯ ಹೆಸರನ್ನು ಪ್ರಾರ್ಥನೆಯಲ್ಲಿ ಹೇಳಿದೆ.

ತಂದೆಯವರು ನಕ್ಕರು.

ಸಣ್ಣ ನಗುವಲ್ಲ. ಹೊಟ್ಟೆಯಿಂದ ಎದ್ದು, ಉಸಿರು ಕಟ್ಟುವವರೆಗೆ ಬಂದ ನಗು. ಗ್ರೇಸಿಯೂ ಜೊತೆಗೂಡಿದಳು. ತಂದೆಯವರ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ನಕ್ಕು ನಕ್ಕು ಬಂದ ನೀರೆಂದು ನಾನು ತಿಳಿದೆ.

ಕೆಲವು ದಿನಗಳ ನಂತರ ಚರ್ಚಿನ ಸಭೆಯವರು ನಮ್ಮ ಮನೆಯಲ್ಲಿ ಕಾಟೇಜ್ ಪ್ರೇಯರ್ ಏರ್ಪಡಿಸಿದರು. ಕಾಯಿಲೆಯವರ ಮನೆಗೆ ಬಂದು, ಹಾಡಿ, ತಮ್ಮ ಬದುಕಿನಲ್ಲಿ ದೇವರು ನಡೆಸಿದ್ದನ್ನು ಸಾಕ್ಷಿಯಾಗಿ ಹೇಳಿ, ರೋಗಿಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ಅಲ್ಲಿನ ಪದ್ಧತಿ. ಒಬ್ಬ ವಿಧವೆ, ಇಬ್ರಾಹಿಂಪಟ್ನಂ ದಾರಿಯಲ್ಲಿ ಲಾರಿಗೆ ಸಿಕ್ಕಿ ತೀರಿಹೋದ ತನ್ನ ಮಗನ ವಿಷಯವನ್ನು ಹೇಳತೊಡಗಿದರು. ತಂದೆಯವರ ನಗು ಆ ಮಾತಿನ ನಡುವೆ ಸಿಡಿಯಿತು. ಎಲ್ಲರೂ ಕಣ್ಣು ತೆರೆದರು. ಆಕೆ ಮಾತು ನಿಲ್ಲಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದುಹೋದರು.

ಸಭೆಯ ಹಿರಿಯರೊಬ್ಬರು ನನ್ನನ್ನು ವರಾಂಡಕ್ಕೆ ಕರೆದರು. “ಇದು ಡಾಕ್ಟರ್ ಕೆಲಸ ಅಲ್ಲ ಬ್ರದರ್,” ಎಂದರು. “ಉಪವಾಸ ಪ್ರಾರ್ಥನೆ ಮಾಡಿ. ಅಲ್ಲೀವರೆಗೂ ತಂದೆಗಾರನ್ನ ಕರ್ತನ ಭೋಜನಕ್ಕೆ ತರಬೇಡಿ.” ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ನಾನು ಕೂಡಲೇ ಒಪ್ಪಿದೆ. ಒಪ್ಪಿದ್ದು ಭಕ್ತಿಯಿಂದಲೋ ನಾಚಿಕೆಯಿಂದಲೋ ಎಂದು ಈಗ ಕೇಳಿಕೊಂಡರೆ, ನಾಚಿಕೆಯೇ ಹೆಚ್ಚಿತ್ತು.

ಯೇಸುವಿನ ನೆನಪಿಗೆ ತಿಂಗಳಿಗೊಮ್ಮೆ ಚರ್ಚಿನಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸದ ಆ ಭೋಜನವನ್ನು ಐವತ್ತು ವರ್ಷ ತಪ್ಪದೆ ತೆಗೆದುಕೊಂಡವರು ತಂದೆಯವರು. ತಿಂಗಳ ಮೊದಲ ಭಾನುವಾರ ಚರ್ಚಿಗೆ ಹೊರಡಲೆಂದು ಎಡಗೈಯಿಂದ ತಮ್ಮ ಬಿಳಿ ಅಂಗಿಯನ್ನು ತೋರಿಸುತ್ತಿದ್ದರು. ನಾನು ತಲೆ ತಗ್ಗಿಸಿ ಒಬ್ಬನೇ ಹೋಗುತ್ತಿದ್ದೆ. ಶುಕ್ರವಾರಗಳಂದು ಉಪವಾಸವಿದ್ದು, ಅವರ ಮುಂದೆ ಕುಳಿತು ಪಶ್ಚಾತ್ತಾಪಪಡಬೇಕೆಂದು ಬೋಧಿಸುತ್ತಿದ್ದೆ. ಅದಕ್ಕೂ ಅವರು ನಕ್ಕರು. ಒಂದು ಶುಕ್ರವಾರ, ಬಾಗಿಲಲ್ಲಿ ಯಾರೋ ಬಂದ ಸದ್ದಾದಾಗ, ನಾನು ಅಂಗೈಯಿಂದ ಅವರ ಬಾಯಿ ಮುಚ್ಚಿದೆ.

ಅಂಗೈಯೆಲ್ಲ ಒದ್ದೆಯಾಯಿತು.

ಪ್ರತಿ ಚೆಕಪ್‌ನಲ್ಲಿ ಡಾಕ್ಟರು ಬೇರೇನಾದರೂ ತೊಂದರೆಯಿದೆಯೇ ಎಂದು ಕೇಳುತ್ತಿದ್ದರು. ಇಲ್ಲವೆಂದೇ ಹೇಳಿದೆ. ಬ್ಲಡ್ ಪ್ರೆಶರ್ ಡಾಕ್ಟರರ ವಿಷಯ, ನಗು ಸಭೆಯ ವಿಷಯ ಎಂದು ಓದಿದವನಾದ ನಾನೇ ವಿಂಗಡಿಸಿದ್ದೆ. ಹೀಗೆ ನಾಲ್ಕು ತಿಂಗಳು ಕಳೆದವು.

ಅಷ್ಟರಲ್ಲಿ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ತಂದೆಯವರನ್ನು ನೋಡಿದ ನ್ಯೂರಾಲಜಿಸ್ಟ್ ವಯಸ್ಸಾದ ಮಹಿಳೆ. ಅವರೂ ಅದೇ ಪ್ರಶ್ನೆ ಕೇಳಿದರು. ನಾನು ಅದೇ ಉತ್ತರ ಕೊಟ್ಟೆ. ಸುನೀತಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

“ಮಾಮಯ್ಯಗಾರು ನಗ್ತಾರೆ ಡಾಕ್ಟರ್‌ಗಾರು. ಅಳೋ ಜಾಗದಲ್ಲಿ ನಗ್ತಾರೆ. ಇವರು ಹೇಳಲ್ಲಂಡಿ, ಇವರಿಗೆ ನಾಚಿಕೆ.”

ಡಾಕ್ಟರು ಪೆನ್ನನ್ನು ಕೆಳಗಿಟ್ಟರು. ತಂದೆಯವರಿಗೆ ಒಂದು ಪ್ರಶ್ನೆ ಕೇಳಿ, ಅದನ್ನು ಕನ್ನಡದಲ್ಲಿ ಹೇಳುವಂತೆ ನನಗೆ ಸೂಚಿಸಿದರು. ನಾನು ಹೇಳಿದೆ: “ಒಳಗ ದುಃಖ ಇದ್ದಾಗೂ ನಗು ಬರತೈತೇನಪ್ಪಾ? ಹೌದಂದ್ರ ಎಡಗೈ ಎತ್ತು.”

ಅವರು ಕೈ ಎತ್ತಿದರು. ಎತ್ತಿದ ಕೈಯನ್ನು ಇಳಿಸಲಿಲ್ಲ. ಕೊನೆಗೆ ನಾನೇ ಹಿಡಿದು ಇಳಿಸಬೇಕಾಯಿತು.

ಮಿದುಳಿಗೆ ಪೆಟ್ಟು ಬಿದ್ದಾಗ ಕೆಲವರಲ್ಲಿ ಅಳುವೂ ನಗುವೂ ಹತೋಟಿ ತಪ್ಪುತ್ತವೆ, ಮುಖ ಒಂದು ಹೇಳಿದರೆ ಮನಸ್ಸು ಇನ್ನೊಂದರಲ್ಲಿರುತ್ತದೆ ಎಂದು ಡಾಕ್ಟರು ವಿವರಿಸಿದರು. ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ನನ್ನ ತಾಯಿಯ ಹೆಸರಿಗೆ ಅವರು ಅತ್ತಿದ್ದರು. ಆ ವಿಧವೆಯ ಮಗನಿಗಾಗಿ ಅತ್ತಿದ್ದರು. ನನ್ನ ಬೋಧನೆಯ ಮುಂದೆಯೂ ಅತ್ತಿದ್ದರು. ನಾನು ಮುಚ್ಚಿದ್ದು ಅಳುವ ಬಾಯಿಯನ್ನು.

ಅಂದಿನಿಂದ ಆ ಕೈಯೇ ಅವರ ಮಾತಾಯಿತು. ನಗು ಬಂದು ಕೈ ಎದ್ದರೆ, ಒಳಗೆ ನಗುವಿಲ್ಲವೆಂದು ತಿಳಿದು ಸುನೀತಾ ಬೆನ್ನು ಸವರುತ್ತಿದ್ದಳು. ಮಾತ್ರೆಯಿಂದ ನಗು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಅವರು ಮತ್ತೆ ಬಿಳಿ ಅಂಗಿಯನ್ನು ತೋರಿಸಿದರು.

ನಾನು ಡಾಕ್ಟರರಿಂದ ಒಂದು ಮೆಡಿಕಲ್ ಸರ್ಟಿಫಿಕೇಟ್ ಬರೆಯಿಸಿಕೊಂಡು ಅಲ್ಲಿನ ಸಭಾಪಾಲಕರ, ಎಂದರೆ ಎಲ್ಲರೂ ಅಯ್ಯಗಾರು ಎಂದು ಕರೆಯುವ ಪಾದ್ರಿಯವರ ಬಳಿಗೆ ಹೋದೆ. ತಂದೆಯವರ ನಗು ರೋಗದಿಂದ ಉಂಟಾದುದೆಂದು ಅದರಲ್ಲಿ ಸಹಿ, ಮೊಹರಿನೊಂದಿಗೆ ದೃಢೀಕರಿಸಲಾಗಿತ್ತು. ಅಯ್ಯಗಾರು ಅದನ್ನು ಎರಡು ಬಾರಿ ಓದಿದರು. ಆಮೇಲೆ ಅವರೇ ನಕ್ಕುಬಿಟ್ಟರು.

“ಇದನ್ನ ಯಾವ ಫೈಲಿಗೆ ಹಾಕಲಿ ಆಫೀಸರ್‌ಗಾರು?” ಎಂದು ತೆಲುಗಿನಲ್ಲಿ ಕೇಳಿದರು. “ದೇವರ ಮುಂದೆ ನಗೋದಕ್ಕೂ ಅಟೆಸ್ಟೇಷನ್ನಾ? ಅಳೋರನ್ನ ನಾನು ಸರ್ಟಿಫಿಕೇಟ್ ಕೇಳಲ್ಲವಲ್ಲ. ಕರ್ಕೊಂಡು ಬನ್ನಿ.”

ನಾನು ಸರ್ಟಿಫಿಕೇಟನ್ನು ಮಡಚಿ ಜೇಬಿಗಿಟ್ಟುಕೊಂಡೆ. ಬೇಕಾಗಬಹುದೆಂದು.

ಮೊದಲ ಭಾನುವಾರ ತಂದೆಯವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಚರ್ಚಿನ ಹಿಂದಿನ ಬಾಗಿಲ ಬಳಿ ಇರಿಸಿದೆ. ನಗು ಬಂದರೆ ತಕ್ಷಣ ಹೊರಗೆ ಒಯ್ಯಲು ಅನುಕೂಲವೆಂದು. ಅಯ್ಯಗಾರು ದ್ರಾಕ್ಷಾರಸದ ಪಾತ್ರೆಯನ್ನು ಹಿಡಿದು ಅಲ್ಲಿಯವರೆಗೂ ನಡೆದು ಬಂದರು. ತಂದೆಯವರು ಕುಡಿದರು. ಒಂದು ಗುಟುಕು ಒಳಗೆ ಹೋಯಿತು. ಉಳಿದದ್ದು ಬಾಯಿಯ ಮೂಲೆಯಿಂದ ಹರಿದು, ಅವರ ತಲೆಯನ್ನು ಎದೆಗೆ ಆನಿಸಿಕೊಂಡು ಬಾಗಿ ನಿಂತಿದ್ದ ನನ್ನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಬಿತ್ತು. ಎದೆಯ ಮೇಲೆ ದೊಡ್ಡ ಕೆಂಪು ಕಲೆ.

ತಂದೆಯವರು ನಕ್ಕರು.

ನಾನು ಕುರ್ಚಿಯ ಹಿಡಿಯನ್ನು ಹಿಡಿದುಕೊಂಡು ಅವರ ಎಡಗೈಯನ್ನು ನೋಡಿದೆ. ಅದು ಮೇಲೇಳಲಿಲ್ಲ. ಮೆಲ್ಲಗೆ ಬಂದು ನನ್ನ ಅಂಗಿಯ ಕಲೆಯನ್ನು ಒಂದು ಬೆರಳಿನಿಂದ ತಟ್ಟಿತು. ಮತ್ತೊಮ್ಮೆ ತಟ್ಟಿತು. ಅವರ ಕಣ್ಣು ನನ್ನ ಗಾಬರಿಗೊಂಡ ಮುಖದ ಮೇಲಿತ್ತು. ಅದು ರೋಗದ ನಗುವಾಗಿರಲಿಲ್ಲ. ಅವರು ನನ್ನನ್ನು ನೋಡಿ ನಗುತ್ತಿದ್ದರು.

ನನಗೂ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಹಲ್ಲಿ ಬಿದ್ದ ದಿನದಿಂದ ಬಾಕಿಯಿದ್ದ ನಗು ಅದು. ಅಯ್ಯಗಾರು ಪಾತ್ರೆ ಹಿಡಿದು, ಅವಸರವಿಲ್ಲದೆ, ನಾವು ಮುಗಿಸುವವರೆಗೆ ಕಾದರು.

ಅದೊಂದೇ ಬಾರಿ. ಮುಂದಿನ ಮೊದಲ ಭಾನುವಾರಕ್ಕೆ ಮೊದಲೇ ಎರಡನೆಯ ಸ್ಟ್ರೋಕ್ ಆಯಿತು. ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನಗಳಲ್ಲಿ ಅವರು ನಗಲೂ ಇಲ್ಲ, ಕೈ ಎತ್ತಲೂ ಇಲ್ಲ. ನಾನು ಆ ಕೈಯನ್ನು ಹಿಡಿದುಕೊಂಡು ಕುಳಿತಿರುತ್ತಿದ್ದೆ.

ಮಗನನ್ನು ಕಳೆದುಕೊಂಡ ವಿಜಯವಾಡದ ಆ ತಾಯಿಗೆ ಎಲ್ಲವನ್ನೂ ವಿವರಿಸಿ ಕ್ಷಮೆ ಕೇಳಿ ಪತ್ರ ಬರೆದೆ. ಉತ್ತರ ಬಂದಿಲ್ಲ. ಬರಬೇಕೆಂದು ಒತ್ತಾಯಿಸುವ ಹಕ್ಕು ನನಗಿಲ್ಲ. ಆ ನಾಲ್ಕು ತಿಂಗಳುಗಳೂ ತಿರುಗಿ ಬರುವುದಿಲ್ಲ. ಆದರೂ ಒಂದು ಭಾನುವಾರ ನಮಗೆ ಸಿಕ್ಕಿತು. ಅದಕ್ಕಾಗಿ ದೇವರಿಗೆ ಕೃತಜ್ಞನಾಗಿದ್ದೇನೆ.

ನಮ್ಮ ಮನೆಯಲ್ಲಿ ಈಗ ಸಂಜೆಯ ಪ್ರಾರ್ಥನೆಯ ನಡುವೆ ಗ್ರೇಸಿಗೆ ನಗು ಬಂದರೆ ಯಾರೂ ಅವಳ ಬಾಯಿ ಮುಚ್ಚುವುದಿಲ್ಲ. ನಾನು ಪ್ರಾರ್ಥನೆಯನ್ನು ನಿಲ್ಲಿಸಿ, ಅವಳು ನಕ್ಕು ಮುಗಿಸುವವರೆಗೆ ಕಾದು, ಬಿಟ್ಟಲ್ಲಿಂದ ಮುಂದುವರಿಸುತ್ತೇನೆ.