ದಿಲ್ಲಿ ರೇಡಿಯೋದಾಗ ಘೋಡಗೇರಿ ಪೈಲವಾನ

ಟಿವಿ ಮುಂದ ಕುಂತ ನನ್ನ ಮೊಮ್ಮಗ ದಿನಾ ಒದರ್ತಾನ: "ಇವರಿಗೆ ಮುಂಬೈ, ದಿಲ್ಲಿ ಬಿಟ್ರ ಬ್ಯಾರೆ ಊರ ಇಲ್ಲೇನಜ್ಜಾ? ನಮ್ಮ ಕಡೆ ಹುಡುಗ್ರು ಆಡಿದ್ದು ಒಂದು ಚೂರೂ ತೋರಸಂಗಿಲ್ಲ." ನಾ ಸುಮ್ಮನ ನಗತೇನಿ. ಈ ರೋಗ ಟಿವಿಗಿಂತ ಹಳೇದು. ರೇಡಿಯೋಕ್ಕೂ ಇತ್ತು. ಒಮ್ಮೆ ಅದಕ್ಕ ನಾನ ಔಷಧ ಅರದೇನಿ.

ಅರವತ್ತನೇ ಇಸವಿ ಸುಮಾರಿಗೆ ನಾ ಘೋಡಗೇರಿ ಸಾಲಿ ಮಾಸ್ತರ. ಊರ ನಡುವ ಪಂಚಾಯತಿ ಕಟ್ಟಿ, ಅಲ್ಲೆ ಊರಿಗೆಲ್ಲ ಸೇರಿ ಒಂದ ರೇಡಿಯೋ. ಇಂಗ್ಲೀಷ ಓದಿದಾಂವ ನಾನೊಬ್ಬನ, ಅದೂ ಮ್ಯಾಟ್ರಿಕ್ ಇಂಗ್ಲೀಷ. ಹಿಂಗಾಗಿ ಕ್ರಿಕೆಟ್ ಸುರು ಆತಂದ್ರ ರೇಡಿಯೋ ಬಾಜೂಕ ನನಗೊಂದು ಕುರ್ಚಿ ಹಾಕತಿದ್ರು. ಅದು ಇಂಗ್ಲೀಷಿನ್ಯಾಗ ಒದರೋದು, ನಾ ಕನ್ನಡದಾಗ ಒದರೋದು. ಖರೆ ಹೇಳತೇನಿ, ನನಗ ರೂಪಾಯಿದಾಗ ನಾಕಾಣೆ ತಿಳೀತಿತ್ತು. ಉಳದ ಹನ್ನೆರಡಾಣೆ ನಾನ ತುಂಬತಿದ್ದೆ.

ಕೇಳಾವ್ರೆಲ್ಲ ಕುಸ್ತಿ ಮಂದಿ. ಆಟ ಬರಾಬರಿ ಆತು ಅಂತ ನಾ ಹೇಳಿದ್ರ ನನ್ನ ಮ್ಯಾಲೆ ಸಿಟ್ಟಿಗೇಳೋರು. "ಐದು ದಿನಾ ಆಡಿ ಒಬ್ಬನ ಬೆನ್ನೂ ಮಣ್ಣಿಗೆ ಹತ್ತಲಿಲ್ಲಾ? ಥೂ ಇದರ! ಆ ಜೋಡಿ ಹಚ್ಚಿದಾಂವ ಯಾವ ಅಡ್ನಾಡಿ?" ಅಂತಿದ್ರು. ಬೈದ್ರೂ ಮರುದಿನ ಬಂದು ಕೂಡೋದು ತಪ್ಪತಿದ್ದಿಲ್ಲ.

ಆ ವರ್ಷ ನಮ್ಮೂರ ಪೈಲವಾನ ಕುಸ್ತಿಗಂತ ದಿಲ್ಲಿಗೆ ಹೊಂಟ. ಅಂವಂದೊಂದು ಸಂಕಟ ಇತ್ತು. ದಡ್ಡಿ ಊರಾಗಿನ ಸೋದರಮಾವನ ಮಗಳ ಮ್ಯಾಲೆ ಜೀವಾ ಇಟ್ಟಿದ್ದ, ಆಕೀನೂ ಅಷ್ಟ. ಕೊಸರಾಡಾಂವ ಮಾವ ಒಬ್ಬನ. "ಇವಂಗ ಮಗಳನ್ನ ಕೊಟ್ರ ಬೆನ್ನಿಗೆ ಎರಡು ಎಮ್ಮೀನೂ ಕೊಡಬೇಕು, ಅಷ್ಟು ಹಾಲು ಕುಡೀತಾನ," ಅಂತಿದ್ದ. ಕಡೀಕ ಒಂದು ಮಾತು ಕೊಟ್ಟ: "ದಿಲ್ಲ್ಯಾಗ ಗೆದ್ದು ಬಾ, ಅಕ್ಕಿಕಾಳ ಹಾಕಿ ಮದವಿ ಮಾಡೋಣು. ಇಲ್ಲಂದ್ರ ಬ್ಯಾರೆ ವರಾ ನೋಡತೇನಿ."

ಅಂವ ಹೋದ ದಿನದಿಂದ ನಾವೆಲ್ಲ ರೇಡಿಯೋಕ್ಕ ಕಿವಿ ಹಚ್ಚಿ ಕುಂತಿವಿ. ಮುಂಬೈದಾಂವ ಇಷ್ಟು ರನ್ ಹೊಡದ, ಕಲಕತ್ತಾದಾಗ ಅಷ್ಟು ಗೋಲ್ ಆದುವು, ಇದ ಸುದ್ದಿ. ಕುಸ್ತಿ ಅನ್ನೋ ಮಾತ ಇಲ್ಲ. ವಾರ ಕಳದ ಮ್ಯಾಲೆ ಪೈಲವಾನ ಘಟಪ್ರಭಾ ಸ್ಟೇಷನ್ನಿನ್ಯಾಗ ಇಳದ. ಕರಕೊಂಡು ಬರಾಕ ಒಂದು ನರಪಿಳ್ಳೆ ಹೋಗಿದ್ದಿಲ್ಲ. ಕಂಕುಳಾಗ ಕಪ್ಪು ಹಿಡಕೊಂಡು ಒಬ್ಬನ ಕಟ್ಟಿಗೆ ಬಂದು, "ಮೂರು ಮಂದೀನ ಚಿತ್ ಮಾಡಿ ಗೆದ್ದೇನ್ರಿ," ಅಂದ.

ಮಂದಿ ಒಬ್ಬರ ಮಾರಿ ಒಬ್ರು ನೋಡಿದ್ರು. ಸುದ್ದಿ ತಿಳಕೊಳ್ಳಾಕ ದಡ್ಡಿಯಿಂದ ಬಂದಿದ್ದ ಮಾವ ಬಾಯಿ ತಗದ. "ಗೆದ್ದಿದ್ರ ರೇಡಿಯೋ ಹೇಳತಿದ್ದಿಲ್ಲೇನಲೇ? ಬೆಲ್ಲದ ಧಾರಣಿ ತಪ್ಪದ ಹೇಳತೈತಿ, ನಿನ್ನ ಒಬ್ಬಂದ ಮುಚ್ಚಿಡತೈತಿ? ಇಂಥಾ ಕಪ್ಪು ದಿಲ್ಲಿ ಪ್ಯಾಟ್ಯಾಗ ರಗಡ ಸಿಗತಾವ." ಪೈಲವಾನ ಅಂಗಿ ಕಿಸೇದಿಂದ ಗೆದ್ದದ್ದಕ್ಕ ಕೊಟ್ಟಿದ್ದ ಹಿಂದಿ ಕಾಗದಾ ತಗದು ತೋರಿಸಿದ. "ಇಂಥವು ಗೋಕಾಕ ಪ್ರೆಸ್ಸಿನ್ಯಾಗೂ ಛಾಪಸ್ತಾರ," ಅಂದ ಮಾವ.

ಎತ್ತಿನಂಥಾ ಆಳು ನೆಲಾ ನೋಡಕೋತ ನಿಂತ. ನನಗ ತಡಕೊಳ್ಳಲಾರದ ಸಿಟ್ಟು ಬಂತು. ಸಿಟ್ಟು ಮಾವನ ಮ್ಯಾಲಲ್ಲ, ರೇಡಿಯೋ ಮ್ಯಾಲೆ. ಅಲ್ಲಾ, ಯಾವನೋ ಆಟಗಾರ ಬೂಟಿನ ಲಾಡಿ ಕಟ್ಟಿಕೊಂಡದ್ದು ಐದು ಮಿನಿಟ ಹೇಳತಾರ, ನಮ್ಮಂವ ಮೂರು ಮಂದೀನ ಚಿತ್ ಮಾಡಿದ್ದಕ್ಕ ಒಂದು ಮಾತು ಬ್ಯಾಡಾ? ಇವರ ಬಾಯಾಗ ಮಣ್ಣು ಬೀಳಲಿ!

ಮುಂದಿನ ಐತವಾರ ಕ್ರಿಕೆಟ್ ಇತ್ತು. ಬ್ಯಾರೆ ವರಾ ನೋಡೇನಿ ಅಂತ ತಂಗಿಗೆ, ಅಂದ್ರ ಪೈಲವಾನನ ತಾಯಿಗೆ, ಹೇಳಾಕ ಬಂದಿದ್ದ ಮಾವ, ಹೇಳೂಕಿಂತ ಮೊದಲ ಕಟ್ಟಿಗೆ ಬಂದು ಕುಂತ. ಪೈಲವಾನ ಎಲ್ಲಾರ ಹಿಂದ ಬೇವಿನ ಗಿಡದ ಬುಡಕ ಇದ್ದ. ರೇಡಿಯೋದಾಂವ ಒಂದ ಸಮನ ವಟಗುಟ್ಟಾಕತ್ತಿದ್ದ. ನಾ ಗಪ್ಪನ ಕೈ ಎತ್ತಿದೆ.

"ತಡೀರಿ! ಆಟ ನಿಂದರಿಸ್ಯಾರ. ಏನೋ ಬ್ಯಾರೆ ಹೇಳಾಕತ್ತಾರ... ಹುಕ್ಕೇರಿ ತಾಲೂಕ... ಘೋಡಗೇರಿ! ಘೋಡಗೇರಿ ಪೈಲವಾನ ದಿಲ್ಲ್ಯಾಗ ಮೂರು ಮಂದೀನ ಚಿತ್ ಮಾಡಿ ಕಪ್ಪು ಗೆದ್ದಾನಂತ. ಇಷ್ಟು ದಿನಾ ಹೇಳಲಾರದ್ದು ನಮ್ಮ ತಪ್ಪು ಅನ್ನಾಕತ್ತಾರ!"

ಅದ ಹೊತ್ತಿಗೆ ಅಲ್ಲಿ ಯಾವನೋ ಫೋರ್ ಹೊಡದಿರಬೇಕು. ರೇಡಿಯೋದಾಗ ಸಾವಿರಾರು ಮಂದಿ ಚಟಚಟ ಚಪ್ಪಾಳಿ ತಟ್ಟಿದ್ರು. ಹೇಳಿದಾಂವ ನಾನ, ಆದ್ರೂ ನನ್ನ ಮೈನೂ ಜುಮ್ ಅಂತು.

"ಘೋಡಗೇರಿ ಅಂದದ್ದು ನನಗ ಕೇಳಲಿಲ್ಲಲ್ಲೋ ಮಾಸ್ತರಾ," ಅಂದ ಒಬ್ಬ ಮುದುಕ.

"ಬೆಳಗಾವಿಗೆ ಬೆಲ್ಗಾಮ್ ಅನ್ನೋ ಮಂದಿ ಅದು, ಅಜ್ಜಾ. ನಮ್ಮೂರ ಹೆಸರ ಹೆಂಗ ತಿರುವ್ಯಾರೋ ನನಗಷ್ಟ ಗೊತ್ತು," ಅಂದೆ.

ಮಾವ ಮೆಲ್ಲಕ ನನ್ನ ಹಂತೇಕ ಸರದ. "ದಡ್ಡಿ ಹೆಸರ ಹೇಳಿದ್ರೇನ್ರಿ ಮಾಸ್ತರ?"

"ಹೇಳಿದ್ರಲ್ರಿ! ತಾಯಿ ತವರ ದಡ್ಡಿ, ಆ ಕುಸ್ತಿ ಹಿಡ್ತ ಸೋದರಮಾವನ ಕಡೆಯಿಂದ ಬಂದದ್ದು ಅಂದ್ರು."

ಮಾವ ಪಟಕಾ ಸರಿ ಮಾಡಿಕೊಂಡ. "ಮತ್ತ! ಅಂವ ಯಾರ ಅಳಿಯಾ!" ಅಂತ ಎದ್ದಾಂವ ಸೀದಾ ತಂಗಿ ಮನಿಗೆ ಹೋಗಿ ಮುಹೂರ್ತದ ಮಾತು ತಗದ.

ಸಂಜೀಕ ಪೈಲವಾನ ಸಾಲಿಗೆ ಬಂದ. ನಡುವ ಆಟ ನಿಂದರಿಸಿ ನಮ್ಮೂರ ಸುದ್ದಿ ಹೇಳೋ ರೇಡಿಯೋ ಎಲ್ಲೈತಿ ಅಂತ ಅಂವಂಗರ ತಿಳದಿರತೈತಿ, ಇವತ್ತ ನನ್ನ ಎಲುಬು ಉಳಿಯಂಗಿಲ್ಲ ಅನ್ಕೊಂಡೆ. ಅಂವ ಒಳಗ ಬಂದು ಬಾಗಲಾ ಹಾಕಿದ.

"ಗುರುಗಳ್ರಿ," ಅಂದ. "ಊರ ಮಂದೆಲ್ಲಾ ಸೋತಿ ಸೋತಿ ಅಂದು ಅಂದು, ನಾ ಗೆದ್ದದ್ದು ನನಗ ಸಂಶೇ ಬರಾಕತ್ತಿತ್ತರಿ. ದಿಲ್ಲಿಯವ್ರು ಹೇಳಿದ್ದು ಇನ್ನೊಮ್ಮೆ ಹೇಳ್ರಿ. ಕನ್ನಡದಾಗ ಬ್ಯಾಡ್ರಿ, ಅವರು ಹೇಳಿದಂಗ, ಇಂಗ್ಲೀಷಿನ್ಯಾಗ."

ನನಗ ತಪ್ಪಿಲ್ಲದ ಬರತಿದ್ದ ಇಂಗ್ಲೀಷ ಒಂದ: ಸಾಹೇಬ್ರಿಗೆ ಬರಿಯೋ ಸೂಟಿ ಅರ್ಜಿ. ಎದ್ದು ನಿಂತೆ, ಗಂಟಲಾ ಸರಿ ಮಾಡಿಕೊಂಡೆ, ರೇಡಿಯೋದಾಂವನಂಗ ಗತ್ತಿನಿಂದ ಸುರು ಮಾಡಿದೆ: "ಐ ಬೆಗ್ ಟು ಸ್ಟೇಟ್ ದ್ಯಾಟ್ ಐ ಆಮ್ ಸಫರಿಂಗ್ ಫ್ರಾಮ್ ಫೀವರ್..." ನಡುವ ಎರಡು ಸಲ ಘೋಡಗೇರಿ ಅಂತ ಸೇರಿಸಿದೆ.

ಜ್ವರಾ ಬಂದೈತಿ, ಮೂರು ದಿನಾ ಸೂಟಿ ಕೊಡ್ರಿ ಅನ್ನೋದು ಮುಗಿಯೂತನಕ ಅಂವ ನನ್ನ ಮುಂದ ಕೈ ಮುಗದು ನಿಂತಿದ್ದ. ಕಣ್ಣಾಗಿನ ನೀರು ಗಲ್ಲಕ್ಕ ಇಳದ್ರೂ ಒರಿಸಿಕೊಳ್ಳಲಿಲ್ಲ.