ಓಣಿಯವರೆಲ್ಲ ಹೊಯ್ದ ಎಣ್ಣೆ

ನಮ್ಮ ಮನೆಯಲ್ಲಿ ಕಾರು ಓಡಿಸುವವರು ನನ್ನ ಗಂಡ, ಕಾರಿನ ಎಣ್ಣೆ ನೋಡುವವಳು ನಾನು. ಬಾನೆಟ್ ಎತ್ತುವುದೆಂದರೆ ಅವರಿಗೆ ಎಲ್ಲಿಲ್ಲದ ಬೇಸರ. ಕಲಂಗುಟ್ ಬೀಚಿಗೆ ಮಣಿಸರ, ಕನ್ನಡಿ ಚೀಲ ಮಾರಲು ಹೋಗುವ ಮೊದಲು ದಿನಾ ಬೆಳಿಗ್ಗೆ ನಾನೇ ಎಂಜಿನ್ನಿನ ಅಳತೆಕಡ್ಡಿ ಎಳೆದು, ಹಳೆ ಸೀರೆಯ ಚೂರಿನಿಂದ ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದೆ. ಕಡ್ಡಿಯ ಮೇಲೆ ಎರಡು ಗೀರು. ಎಣ್ಣೆ ಅವುಗಳ ನಡುವೆ ಇರಬೇಕು. ನಮ್ಮ ಕೈಗೆ ಬರುವಾಗಲೇ ಮುದಿಯಾಗಿದ್ದ ಕಾರು, ಎಣ್ಣೆ ಕುಡಿಯುತ್ತಿತ್ತು. “ಉಣೆ ನಾಕಾ, ಚಡ ನಾಕಾ” ಎಂದು ಮಾಪ್ಸಾದ ಗ್ಯಾರೇಜಿನವನು ಕೊಂಕಣಿಯಲ್ಲಿ ಹೇಳಿದ್ದ. ಕಡಿಮೆಯೂ ಬೇಡ, ಹೆಚ್ಚೂ ಬೇಡ. ಕಡಿಮೆ ಬೇಡವೆಂಬುದು ನನ್ನ ಗಂಡನಿಗೆ ಕೂಡಲೇ ಅರ್ಥವಾಯಿತು. ಹೆಚ್ಚು ಬೇಡವೆಂಬುದು ಅರ್ಥವಾಗಲು ಕಾಣಕೋಣದ ದಾರಿಯವರೆಗೆ ಹೋಗಬೇಕಾಯಿತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಜಾಪುರದ ಕಡೆಯಿಂದ ಬಂದ ನಾವು ಗೋವಾದ ಪರ್ವರಿಯ ಒಂದು ಓಣಿಯಲ್ಲಿದ್ದೆವು. ಓಣಿ ತುಂಬ ನಮ್ಮ ಕಡೆಯವರೇ. ಗಂಡ ವರ್ಷಗಟ್ಟಲೆ ಕಟ್ಟಡಗಳಿಗೆ ಸಿಮೆಂಟ್ ಹೊತ್ತು ಸೊಂಟ ಹಾಳುಮಾಡಿಕೊಂಡು, ಆಮೇಲೆ ಡ್ರೈವಿಂಗ್ ಕಲಿತು ಈ ಟ್ಯಾಕ್ಸಿ ಹಿಡಿದಿದ್ದರು. ಸಿಮೆಂಟ್ ಹೊರುವಾಗ ತಲೆಯ ಮೇಲೆ ಸುತ್ತಿಕೊಳ್ಳುತ್ತಿದ್ದ ಸಿಂಬಿ ಬಟ್ಟೆಯನ್ನು ಮಾತ್ರ ಬಿಸಾಕಿರಲಿಲ್ಲ. “ಇರ್ಲಿ ಬಿಡು, ಬೇಕಾದೀತು” ಎಂದು ಗೂಟಕ್ಕೆ ನೇತುಹಾಕಿದ್ದರು. ಆ ಬಟ್ಟೆ ಕಂಡರೆ ನನಗೆ ಆಗುತ್ತಿರಲಿಲ್ಲ. ಆದರೆ ಬಾಡಿಗೆ ಸರಿಯಾಗಿ ಸಿಗದಿದ್ದರೆ ಮತ್ತೆ ಅದೇ ಗತಿಯೆಂಬುದು ನನಗೂ ಗೊತ್ತಿತ್ತು.

ಅಷ್ಟರಲ್ಲಿ ನನ್ನ ಬಳಿ ಮಣಿಸರ ಕೊಂಡ ಬಿಳಿಯ ಮುದುಕ ಮುದುಕಿ ಇಬ್ಬರು ಕಾಣಕೋಣದ ಬೀಚ್ ನೋಡಬೇಕೆಂದರು. ಅವರು ಇಳಿದುಕೊಂಡಿದ್ದ ಹೋಟೆಲಿನ ಮ್ಯಾನೇಜರ್ ನಮ್ಮ ಕಾರನ್ನು ಮೇಲಿಂದ ಕೆಳಗೆ ನೋಡಿದರು. ಇವರಿಗೆ ತೊಂದರೆಯಾಗದಂತೆ ಕರೆದುಕೊಂಡು ಬಂದರೆ ಸೀಸನ್ ಪೂರ್ತಿ ನಮ್ಮ ಗೇಟಿನಲ್ಲೇ ಗಾಡಿ ನಿಲ್ಲಿಸಿಕೋ, ದೂರು ಬಂದರೆ ಈ ಕಡೆ ತಲೆ ಹಾಕಬೇಡ ಎಂದು ಹಿಂದಿಯಲ್ಲಿ ಹೇಳಿದರು. ಬಾಡಿಗೆ ತಂದವಳು ನಾನಾದ್ದರಿಂದ ನಾನೂ ಹೊರಡುವುದೆಂದು ನಾನೇ ತೀರ್ಮಾನಿಸಿದೆ.

ಹೊರಡುವ ಹಿಂದಿನ ದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೊಮ್ಮೆ ಗಾಡಿಗೆ ಪೂಜೆ ಆಗಲೇಬೇಕು. ಹೊಸ ಎಣ್ಣೆಯನ್ನು ಮೇಲಿನ ಗೀರಿನ ತನಕ ಹಾಕಿ, ಉಳಿದ ಎಣ್ಣೆಯ ಕ್ಯಾನನ್ನು ಪಕ್ಕಕ್ಕಿಟ್ಟು, ನಾನು ರೊಟ್ಟಿ ಬಡಿಯಲು ಒಳಗೆ ಹೋದೆ. ಹೊರಗೆ ಓಣಿಯವರು ನೆರೆದರು. ಹೆರಿಗೆಗೂ ಜ್ವರಕ್ಕೂ ಅದೇ ಕಾರು ಆಗಿಬರುತ್ತಿದ್ದುದರಿಂದ ಎಲ್ಲರಿಗೂ ಅದು ತಮ್ಮದೇ ಎಂಬ ಭಾವನೆ. ಶನಿವಾರ ಹನುಮಪ್ಪನ ದೀಪಕ್ಕೆ ಮನೆಗೊಂದು ಮಿಳ್ಳೆ ಎಣ್ಣೆ ಹೊಯ್ಯುವುದು ನಮ್ಮವರ ರೂಢಿ. ಮಿಳ್ಳೆಯೆಂದರೆ ಸಣ್ಣ ಹಿತ್ತಾಳೆ ಬಟ್ಟಲು. ಮೂಲೆಮನೆಯ ಅಜ್ಜಿ ಮಿಳ್ಳೆ ಹಿಡಿದು ಬಂದು, “ಇದಕ್ಕೂ ನಂದೊಂದು ಪಾಲು ಇರ್ಲಿ ತಮ್ಮಾ” ಎಂದಳಂತೆ. ನನ್ನ ಗಂಡ ಸಂಭ್ರಮದಿಂದ ಎಂಜಿನ್ನಿನ ಮುಚ್ಚಳ ತೆಗೆದು, ಕ್ಯಾನಿನ ಎಣ್ಣೆಯನ್ನೇ ಅವಳ ಮಿಳ್ಳೆಗೆ ಬಗ್ಗಿಸಿದರಂತೆ. ಅಜ್ಜಿ ಹೊಯ್ದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಅರಿಷಿಣ ಕುಂಕುಮ ಹಚ್ಚಿದ ಮಿಳ್ಳೆ ಕೈಯಿಂದ ಕೈಗೆ ಹೋಗಿದೆ. ಒಲೆಯ ಮುಂದೆ ಕೂತಿದ್ದ ನನಗೆ ಇದರ ಸುಳಿವೇ ಇಲ್ಲ.

ಬೆಳಿಗ್ಗೆ ಬಾನೆಟ್ ಮೇಲೆ ಚೆಂಡುಹೂವಿನ ಹಾರವಿತ್ತು. ನಿನ್ನೆ ತಾನೇ ಕೈಯಾರೆ ಅಳೆದು ಹಾಕಿದ್ದೇನಲ್ಲ ಎಂದು ಕಡ್ಡಿ ನೋಡದೆ ಹೊರಟೆ. ಮಡಗಾವ್ ದಾಟಿ ಘಾಟ್ ಏರತೊಡಗಿದಾಗ ಹಿಂದೆ ನೀಲಿ ಹೊಗೆ. ಅಷ್ಟಿಷ್ಟಲ್ಲ, ಹಿಂದಿನ ರಸ್ತೆಯೇ ಕಾಣದಷ್ಟು. ಮುದುಕಿ ಕೆಮ್ಮುತ್ತ ಗಾಜು ಏರಿಸಿದಳು. ಗಂಡ ಗೇರುಮರದ ಕೆಳಗೆ ಗಾಡಿ ನಿಲ್ಲಿಸಿದರು.

“ಎಣ್ಣಿ ಕಡಿಮಿ ಆಗೇತಿ. ಲಗೂನ ಕ್ಯಾನ್ ಕೊಡು!”

ಡಿಕ್ಕಿಯಿಂದ ಕ್ಯಾನ್ ಎತ್ತಿದರೆ ಬರೀ ಡಬ್ಬಿಯ ತೂಕ.

“ಇದರಾಗಿಂದು ಎಲ್ಲಿ ಹೋತ್ರಿ?”

“ಪೂಜಿಗೆ ಹೋತು. ಓಣ್ಯಾವ್ರೆಲ್ಲಾ ಒಂದೊಂದು ಮಿಳ್ಳಿ ಹೊಯ್ದ್ರು. ಬ್ಯಾಡ ಅನ್ನಾಕ ಬರತೇತೇನ?”

“ಎದರಾಗ ಹೊಯ್ದ್ರು?”

ಅವರು ಎಂಜಿನ್ ಕಡೆ ಕೈ ತೋರಿಸಿದರು.

ಕಡ್ಡಿ ಎಳೆದೆ. ಗೀರುಗಳು ಎಣ್ಣೆಯಲ್ಲಿ ಮುಳುಗಿ ಎಷ್ಟೋ ಮೇಲಿನವರೆಗೆ ಒದ್ದೆ. ಬಾಣಲೆಗೆ ಅಂಚಿನ ತನಕ ಎಣ್ಣೆ ಹಾಕಿ ಬಜಿ ಬಿಟ್ಟರೆ ಉಕ್ಕಿ ಒಲೆಗೆ ಬೀಳುವುದಿಲ್ಲವೇ? ಇಲ್ಲೂ ಹಾಗೇ, ಹೆಚ್ಚಾದ ಎಣ್ಣೆ ನೊರೆಯೆದ್ದು ಮೇಲೇರಿ ಸುಡುತ್ತಿತ್ತು. ಸಿಟ್ಟು ನೆತ್ತಿಗೇರಿತು. “ಇನ್ನೂ ಎಣ್ಣಿ ಹಾಕಾಕ ನಿಂತೀರಲ್ಲ, ನಿಮಗ ಏನನ್ನಬೇಕ್ರಿ!” ಎಂದು ಕೂಗಿದವಳು, ಸಾಲಾಗಿ ನಿಂತು ಭಕ್ತಿಯಿಂದ ಎಂಜಿನ್ನಿಗೆ ಎಣ್ಣೆ ಹೊಯ್ಯುವ ಓಣಿಯವರನ್ನು ನೆನೆದು ನಕ್ಕುಬಿಟ್ಟೆ. ನಗು ತಡೆಯಲಾಗದೆ ರಸ್ತೆಯಂಚಿಗೆ ಕೂತೆ.

ಹೆಚ್ಚಿನ ಎಣ್ಣೆ ಇಳಿಸಬೇಕು. ಕ್ಯಾನಿನ ಬಾಯಿ ಸಣ್ಣದು, ಕೆಳಗಿಡಲು ಅಗಲವಾದುದೆಂದರೆ ಬುತ್ತಿಯ ಡಬ್ಬಿ ಒಂದೇ. ಅದು ಖಾಲಿಯಾಗಬೇಕಾದರೆ ಊಟ ಆಗಬೇಕು. ಎಂಜಿನ್ ಆರುವುದಕ್ಕೂ ಸಮಯ ಬೇಕಿತ್ತು. ಮುದುಕ ಮುದುಕಿಯನ್ನು ಕೂರಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದೆ. ಮೊದಲು ಅನುಮಾನದಿಂದ ಮುರಿದವರು ಆಮೇಲೆ ಡಬ್ಬಿಯ ತಳ ಕೆರೆದರು. ನನ್ನ ಗಂಡ ಮಾತ್ರ “ಗೇಟ್ ಹೋತಲ್ಲ” ಎಂದು ಮೆಲ್ಲಗೆ ಗೊಣಗುತ್ತಿದ್ದರು. ಪಾಪ ಎನಿಸಿತು.

ಡಬ್ಬಿ ತೊಳೆದು ಒರೆಸಿ ಕೊಟ್ಟೆ. ಗಂಡ ನಟ್ಟು ಬಿಚ್ಚುವ ಪಾನಾ ಹಿಡಿದು ಕಾರಿನಡಿ ತೂರಿದರು. ಮುದುಕನೂ ಬೇಡವೆಂದರೂ ಕೇಳದೆ ಪಕ್ಕದಲ್ಲಿ ತೂರಿಕೊಂಡ. ಅಡಿಯಿಂದ ಒಬ್ಬರ ಕನ್ನಡ, ಒಬ್ಬರ ಇಂಗ್ಲಿಷ್. ಜಗಳವೋ ಸಲಹೆಯೋ ತಿಳಿಯಲಿಲ್ಲ. ಡಬ್ಬಿ ತುಂಬುವ ಹೊತ್ತಿಗೆ, ಎಣ್ಣೆ ಇಳಿಸಲು ಸಡಿಲಿಸಿದ್ದ ಎಂಜಿನ್ನಿನ ಅಡಿಯ ಬಿರಡೆ ಮತ್ತೆ ಬಿಗಿಯಾಯಿತು. ನಾನು ಕಡ್ಡಿ ಅದ್ದಿ ನೋಡಿದೆ: ಎಣ್ಣೆ ಮೇಲಿನ ಗೀರಿನ ಮಟ್ಟಕ್ಕಿತ್ತು. ಕಾರು ಇನ್ನಷ್ಟು ಹೊಗೆ ಉಗುಳಿ ಸುಮ್ಮನಾಯಿತು. ಘಾಟ್ ಏರಿ ಇಳಿದು ಕಾಣಕೋಣದ ಸಮುದ್ರ ಕಂಡಾಗ ನಾನು ಚಪ್ಪಾಳೆ ತಟ್ಟಿದೆ.

ಸಂಜೆ ಹೋಟೆಲಿನ ಗೇಟಿನಲ್ಲಿ ಮ್ಯಾನೇಜರ್ ನಿಂತಿದ್ದರು. ಅತಿಥಿಯ ಬಿಳಿ ಅಂಗಿಯ ಬೆನ್ನಿಗೆಲ್ಲ ಎಣ್ಣೆ ಮಣ್ಣು. ಗಂಡ ತಲೆ ತಗ್ಗಿಸಿದರು. ಮುದುಕ ಕೈಕಾಲು ಆಡಿಸುತ್ತ ಉದ್ದಕ್ಕೆ ಏನೋ ಹೇಳಿದ. ಕೇಳಿ ಮುಗಿಸಿದ ಮ್ಯಾನೇಜರ್ ನನ್ನತ್ತ ತಿರುಗಿ, ನಾಳೆಯೂ ಇದೇ ಗಾಡಿ ಬೇಕಂತೆ, ಊಟವೂ ನಿನ್ನದೇ ಆಗಬೇಕಂತೆ ಎಂದರು.

ಗೇಟು ನಮ್ಮದಾಯಿತು. ಡಬ್ಬಿಯ ಎಣ್ಣೆಯನ್ನು ನಾನು ಚೆಲ್ಲಲಿಲ್ಲ. ಸೋಸಿ ಮುಚ್ಚಿಟ್ಟು, ಮುದಿ ಎಂಜಿನ್ ಕುಡಿದಂತೆಲ್ಲ ಸ್ವಲ್ಪ ಸ್ವಲ್ಪ ಹೊಯ್ದೆ. ಮೂಲೆಮನೆಯ ಅಜ್ಜಿ ಆಗಾಗ ಬಂದು, “ನನ್ನ ಪಾಲು ಮುಟ್ಟಿತೇನ ಯವ್ವಾ?” ಎಂದು ಕೇಳುವಳು. “ಈಗ ನಿಮ್ಮ ಪಾಲಿನ್ಯಾಗ ಓಡಾಕತ್ತೇತ್ರಿ” ಎನ್ನುತ್ತಿದ್ದೆ. ಎದುರು ಮನೆಯವರು ಕೇಳಿದರೂ ಅದೇ ಉತ್ತರ.

ಸೀಸನ್ ಮುಗಿಯುವ ಹೊತ್ತಿಗೆ ಡಬ್ಬಿ ಬರಿದಾಯಿತು. ಅಷ್ಟರಲ್ಲಿ ಕಡ್ಡಿ ಒರೆಸುವ ಸೀರೆಯ ಚೂರೂ ಚಿಂದಿಯಾಗಿತ್ತು. ಒಂದು ಬೆಳಿಗ್ಗೆ ಗೂಟದಿಂದ ಸಿಂಬಿ ಬಟ್ಟೆ ತೆಗೆದು, ಗಂಡನ ಕಣ್ಣೆದುರೇ ಪರ್ ಎಂದು ಹರಿದೆ. ಅವರು ಬಾನೆಟ್ ಎತ್ತಿ ಕಡ್ಡಿಯನ್ನು ತಾವೇ ಎಳೆದು, ಒರೆಸಲು ನನ್ನ ಮುಂದೆ ಹಿಡಿದರು.