ಹೆಂಡತಿಯ ಮನೆಯಲ್ಲಿ ವಾಸ

ತೊಯಿಬ್ ನಮ್ಮ ಓಣಿಗೆ ಬಂದ ಮೊದಲ ವಾರದಲ್ಲೇ ಹೆಸರುವಾಸಿಯಾಗಿಬಿಟ್ಟ. ನಾದಿದ ಹಿಟ್ಟಿನ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಬೀದಿಯವರೆಲ್ಲ ಬಳಸುವ ಒಲೆಗೆ ರೊಟ್ಟಿ ಬೇಯಿಸಲು ಹೊರಟನಲ್ಲ, ಅದೇ ಕಾರಣ. ನಮ್ಮ ಮೆಕ್ನೆಸ್ ಪಟ್ಟಣದ ಹಳೇ ಊರಿನಲ್ಲಿ ಆ ಹಲಗೆ ಹೊರುವವರು ಹೆಂಗಸರು, ಇಲ್ಲವೇ ಮಕ್ಕಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಗಂಡಸು, ತಾನೇ ಕಸೂತಿ ಹಾಕಿದ ಟೋಪಿ ತೊಟ್ಟು, ಎದುರಾದವರಿಗೆಲ್ಲ ಸಲಾಂ ಹೇಳುತ್ತಾ ಹಲಗೆ ಹೊತ್ತು ನಡೆದರೆ ಜನ ಸುಮ್ಮನಿರುತ್ತಾರೆಯೇ?

"ಏನಪ್ಪಾ, ಹೆಂಡ್ತಿ ಇವತ್ತೂ ರಜಾ ಕೊಡ್ಲಿಲ್ವಾ?" ಎಂದು ಪುದೀನ ಮಾರುವವನು ಕೂಗಿದ.

"ಅವಳು ಓದ್ಬೇಕು, ನಾನು ತಿನ್ನಿಸ್ಬೇಕು. ನೀನೂ ಬಾ, ನಿಂಗೂ ಒಂದ್ ತುಂಡು ಕೊಡ್ತೀನಿ," ಎಂದ ತೊಯಿಬ್. ಸಿಟ್ಟಿಲ್ಲ, ನಾಚಿಕೆಯೂ ಇಲ್ಲ. ಅವತ್ತೇ ಅವನು ನನಗೆ ಇಷ್ಟವಾದ.

ನಾನು ತಾಮು, ಅವರು ಬಾಡಿಗೆಗಿದ್ದ ಮನೆಯ ಒಡತಿ. ನನ್ನ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದು ತೊಯಿಬ್ ಅಲ್ಲ, ಅವನ ಹೆಂಡತಿ ಮೊಯ್ನಾ. ಕೊಮೊರೋಸ್ ದ್ವೀಪದ ಹುಡುಗಿ. ನಮ್ಮ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಬಂದು ಕಲ್ಲು-ಮಣ್ಣಿನ ಶಾಸ್ತ್ರ ಓದುತ್ತಿದ್ದಳು. ಅವರ ಊರಿನ ನೆತ್ತಿಯ ಮೇಲೆ ಬೆಂಕಿ ಉಗುಳುವ ಬೆಟ್ಟವಿದೆಯಂತೆ. ಅದು ಯಾವಾಗ ಉಗುಳುತ್ತದೆಂದು ಮೊದಲೇ ಹೇಳುವ ವಿದ್ಯೆ ಕಲಿತು ಹಿಂತಿರುಗಬೇಕು ಎಂಬುದು ಅವಳ ಹಟ. ಗಂಡನನ್ನು ಬಿಟ್ಟು ಬಂದ ಮೊದಲ ವರ್ಷ ಊಟ ಬಿಟ್ಟು ಕಡ್ಡಿಯಾಗಿದ್ದಳು. ಅವನು ಬಂದ ಮೇಲೆ ಮುಖಕ್ಕೆ ಕಳೆ ಬಂತು. ಅವನಾದರೂ ಬೆಳಿಗ್ಗೆ ನನ್ನ ಗ್ಯಾಸ್ ಸಿಲಿಂಡರ್ ಹೊತ್ತು ತಂದು, ಮಧ್ಯಾಹ್ನ ತೆಂಗಿನ ಹಾಲಿನಲ್ಲಿ ಮೀನು ಬೇಯಿಸಿ, ಸಂಜೆಯವರೆಗೆ ಟೋಪಿ ಹೊಲಿದು ಮಾರುತ್ತಿದ್ದ.

ಆದರೆ ಅವನು ಇಲ್ಲಿಗೆ ಬಂದಿದ್ದು ಪ್ರವಾಸಿಯಾಗಿ. ಆ ಅವಧಿ ಮುಗಿಯುವುದರೊಳಗೆ ವಿದ್ಯಾರ್ಥಿನಿಯ ಗಂಡನೆಂದು ವಾಸದ ಕಾರ್ಡಿಗೆ ಅರ್ಜಿ ಹಾಕಿ ರಸೀದಿ ಪಡೆಯಬೇಕು. ಇಲ್ಲವಾದರೆ ದೇಶ ಬಿಡಬೇಕು. ಬಿಟ್ಟು ಹೋದರೆ ಮತ್ತೆ ಟಿಕೆಟ್ ಕೊಂಡು ಬರುವುದು ಕನಸಿನ ಮಾತು. ಮೊಯ್ನಾಳ ಓದು ಮುಗಿಯುವವರೆಗೆ ಅವರು ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ.

ಕಾಗದಗಳೆಲ್ಲ ಕೂಡಿದವು. ನಿಕಾಹ್ ಪತ್ರ, ವೈದ್ಯರ ಚೀಟಿ, ಕಾಲೇಜಿನ ಪತ್ರ, ನಾನು ಮೊಯ್ನಾಳ ಹೆಸರಿಗೆ ಮಾಡಿಕೊಟ್ಟ ಬಾಡಿಗೆ ಕರಾರು. ಇನ್ನು ಬೇಕಾಗಿದ್ದು ಮುಖದ್ದಮನ ದೃಢೀಕರಣ. ಯಾರು ಯಾವ ಮನೆಯಲ್ಲಿದ್ದಾರೆಂದು ಸರ್ಕಾರಕ್ಕೆ ಹೇಳಲು ಪ್ರತಿ ಕೇರಿಯಲ್ಲೂ ಒಬ್ಬ ಮುಖದ್ದಮ್ ಇರುತ್ತಾನೆ. ನಮ್ಮವನ ಹೆಸರು ಅಲ್ಲಾಲ್, ಗೌರವಕ್ಕೆ ಸಿ ಅಲ್ಲಾಲ್ ಎನ್ನುತ್ತೇವೆ. ಕೆಟ್ಟವನಲ್ಲ, ಆದರೆ ಪರರ ಮಾನ ಕಾಯುವ ಗುತ್ತಿಗೆ ತಾನೇ ಹಿಡಿದವನಂತೆ ಆಡುತ್ತಾನೆ. ನಮ್ಮ ಗಂಡಸರಿಗೆ ಮಾತ್ರ ಹೊಳೆಯುವಂಥ ಒಂದು ಉಪಕಾರವನ್ನು ಅವನು ತೊಯಿಬ್‌ಗೆ ಮಾಡಿದ. 'ಮೊಯ್ನಾ ತನ್ನ ಗಂಡನ ಮನೆಯಲ್ಲಿ ವಾಸವಾಗಿದ್ದಾಳೆ' ಎಂದು ಬರೆದು ಮೊಹರು ಒತ್ತಿಬಿಟ್ಟ.

ವಿದೇಶಿಯರ ಕಚೇರಿಯ ಅಧಿಕಾರಿ ಎರಡು ಕಾಗದವನ್ನೂ ಪಕ್ಕ ಪಕ್ಕ ಇಟ್ಟು ನೋಡಿದ. ಒಂದರಲ್ಲಿ ಮನೆ ಹೆಂಡತಿಯದು, ಇನ್ನೊಂದರಲ್ಲಿ ಗಂಡನದು.

"ಎರಡ್ರಲ್ಲಿ ಒಂದು ಸುಳ್ಳು," ಎಂದು ತೊಯಿಬ್‌ಗೆ ಹೇಳಿದ. "ಬಾಡಿಗೆ ಕರಾರು ನಿನ್ನ ಹೆಸರಿಗೆ ಮಾಡಿಸ್ಕೊಂಡು ಬಾ. ಅರ್ಧ ಗಂಟೆ ಕೆಲಸ."

ಜೊತೆಗೆ ಹೋಗಿದ್ದ ನಾನೂ ಸೇರಿ ಮೂವರೂ ಮನೆಗೆ ಬಂದೆವು. ಇಷ್ಟೇ ತಾನೇ ಎಂದು ನನಗೂ ಅನ್ನಿಸಿತ್ತು. ಚಹಾ ಕುದಿಸುತ್ತಾ, "ನಾಳೆ ಹೋಗಿ ಹೆಸರು ಬದಲಾಯ್ಸೋಣ ಮಗನೇ," ಎಂದೆ.

"ಬೇಡ ಖಾಲ್ತಿ," ಎಂದು ತೊಯಿಬ್ ಕಡ್ಡಿ ಮುರಿದಂತೆ ಹೇಳಿದ. ನಮ್ಮಲ್ಲಿ ತಾಯಿಯ ತಂಗಿಯನ್ನು ಕರೆಯುವಂತೆ ಅವನು ನನ್ನನ್ನು ಖಾಲ್ತಿ ಎನ್ನುತ್ತಿದ್ದ.

"ಯಾಕೋ? ಬರೀ ಕಾಗದ ತಾನೆ?"

"ನಮ್ಮೂರಲ್ಲಿ ಹೆಣ್ಣು ಹುಟ್ಟಿದ್ರೆ ಅಪ್ಪ ಅಮ್ಮ ಅವಳಿಗೆ ಅಂತ ಮನೆ ಕಟ್ಟೋಕೆ ಶುರು ಮಾಡ್ತಾರೆ. ಮದುವೆಯಾದ ಗಂಡು ತನ್ನ ಪೆಟ್ಟಿಗೆ ತಗೊಂಡು ಆ ಮನೆಗೆ ಹೋಗ್ತಾನೆ. ನಮ್ಮಪ್ಪ ಹೋದ, ನಮ್ಮಜ್ಜ ಹೋದ. ಹೆಂಡ್ತಿ ಮನೇನ ತನ್ನ ಹೆಸರಿಗೆ ಬರೆಸ್ಕೊಂಡವನನ್ನ ನಮ್ಮಲ್ಲಿ ಏನಂತಾರೆ ಗೊತ್ತಾ? ಕಳ್ಳ ಅಂತಾರೆ. ಜಮಾತ್‌ನಲ್ಲಿ ಅವನ ಪಕ್ಕ ಯಾರೂ ಕೂರಲ್ಲ."

"ಇಲ್ಲಿ ಯಾರೋ ನಿನ್ನ ಜಮಾತ್‌ನೋರು?"

"ನಾನಿದೀನಲ್ಲ," ಎಂದ.

ಮೊಯ್ನಾಳಿಗೆ ಅಳು ಬಂತು. "ನಿನ್ನ ಹಟದಿಂದ ನಾನು ಮತ್ತೆ ಒಬ್ಬಳೇ ಆಗ್ಲಾ? ನನ್ನ ಮನೆ, ನಾನೇ ಹೇಳ್ತಿದೀನಿ, ಬರೆಸ್ಕೋ!"

"ನೀನು ಹೇಳಿದ್ರೂ ಇಲ್ಲ. ಮುಖದ್ದಮ್ ತಪ್ಪು ಬರೆದಿದಾನೆ, ಅವನೇ ತಿದ್ಲಿ. ನಾವ್ಯಾಕೆ ಸುಳ್ಳಿಗೆ ಸರಿಯಾಗಿ ಇನ್ನೊಂದು ಸುಳ್ಳು ಹೊಲೀಬೇಕು?"

ಮರುದಿನದಿಂದ ತೊಯಿಬ್ ಮುಖದ್ದಮನ ಬೆನ್ನು ಬಿದ್ದ. ಅವನೋ ಇವತ್ತು, ನಾಳೆ ಎಂದು ನುಣುಚಿಕೊಂಡ. ಅವಧಿ ಕರಗುತ್ತಾ ಬಂತು. ನಾಳೆ ಕೊನೆಯ ದಿನ ಎಂದಾಗ ಮೊಯ್ನಾ ಗಂಡನ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬತೊಡಗಿದಳು. ಅದನ್ನು ಕಂಡು ನನ್ನ ಪಿತ್ತ ನೆತ್ತಿಗೇರಿತು. ಮೇಲೆ ತೊಡುವ ಜಿಲ್ಲಾಬ ನಿಲುವಂಗಿ ಏರಿಸಿಕೊಂಡು, ಇಬ್ಬರನ್ನೂ ಜೊತೆಗೆ ಕರೆದುಕೊಂಡು, ಸಿ ಅಲ್ಲಾಲ್ ಕೂರುವ ಕಾಫಿ ಅಂಗಡಿಗೆ ನುಗ್ಗಿದೆ. ಗಂಡಸರು ಇಸ್ಪೀಟು ಆಡುವ ಜಾಗ ಅದು. ನನ್ನ ವಯಸ್ಸಿನ ಹೆಂಗಸು ಅಲ್ಲಿ ಕಾಲಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಎಲೆಗಳು ಕೈಯಲ್ಲೇ ಉಳಿದವು.

"ಲಲ್ಲಾ ತಾಮು! ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ," ಎಂದು ಸಿ ಅಲ್ಲಾಲ್ ಎದ್ದು ನಿಂತ. ಲಲ್ಲಾ ಎಂದರೆ ನಮ್ಮಲ್ಲಿ ಅಮ್ಮಾವ್ರೇ ಎಂದಂತೆ.

"ಬರ್ತಿದ್ದೆ ಬಿಡು. ಈ ಹುಡುಗನ ಕಾಗದ ತಿದ್ದು."

"ಗಂಡಸನ್ನ ಮನೆಯಳಿಯ ಅಂತ ಸರ್ಕಾರದ ಕಾಗದದಲ್ಲಿ ಹೇಗೆ ಬರೀಲಿ ಲಲ್ಲಾ? ಅವನ ಮರ್ಯಾದೆ ಉಳಿಸೋಣ ಅಂತ ಹಾಗೆ ಬರೆದೆ."

"ಅವನ ಮರ್ಯಾದೆ ಅವನ ಹತ್ರಾನೇ ಇದೆ. ನಿನ್ನ ಹತ್ರ ಅಡ ಇಟ್ಟಿಲ್ಲ."

ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಅತ್ತ ತಿರುಗಿದೆ.

"ನಗಿ, ನಗಿ! ನಾನಿರೋ ಮನೇನ ಏನಂತ ಕರೀತೀರಿ ನೀವೆಲ್ಲ?"

"ಜಿಲಾಲಿ ಮನೆ," ಎಂದನೊಬ್ಬ.

"ಹೌದು, ಜಿಲಾಲಿ ಮನೆ! ಆ ಮನೆ ಕಟ್ಟಿಸಿದ್ದು ನಮ್ಮಪ್ಪ. ಕೊಟ್ಟಿದ್ದು ನನಗೆ. ನನ್ನ ಗಂಡ, ದೇವರು ಅವರನ್ನ ಚೆನ್ನಾಗಿಟ್ಟಿರ್ಲಿ, ಒಂದು ಟ್ರಂಕು ತಗೊಂಡು ನನ್ನ ಮನೆಗೆ ಬಂದ್ರು. ಬಾಳೆಲ್ಲ ಅಲ್ಲೇ ಕಳೆದ್ರು. ನೀವು ಅವರ ಮರ್ಯಾದೆ ಉಳಿಸೋಕೆ ನನ್ನ ಮನೆಗೆ ಅವರ ಹೆಸರಿಟ್ರಿ. ನಾನೂ ಸುಮ್ಮನಿದ್ದೆ. ಅವರು ಕಣ್ಣು ಮುಚ್ಚಿದ್ದೇ ತಡ, ಅವರ ಅಣ್ಣನ ಮಕ್ಕಳು ಬಾಗಿಲಿಗೆ ಬಂದು ನಮ್ಮ ಚಿಕ್ಕಪ್ಪನ ಮನೆ, ಪಾಲು ಕೊಡು ಅಂದ್ರು. ಅವರಿಗೆ ದಾರಿ ತೋರ್ಸಿ ಕರ್ಕೊಂಡು ಬಂದೋನು ಯಾರು, ಹೇಳು ಅಲ್ಲಾಲ್? ಇದೇ ಜಿಲಾಲಿ ಮನೆ ಅಂತ ಬೆರಳು ಮಾಡಿದೋನು ಯಾರು?"

 ಆಮೇಲೆ ಅವರು ಹೂಡಿದ ದಾವೆಯಲ್ಲಿ ಮನೆ ಉಳಿಸಿಕೊಳ್ಳಲು ನಾನು ಕೋರ್ಟಿನ ಮೆಟ್ಟಿಲು ಸವೆಸಿದ್ದು ಅಲ್ಲಿದ್ದವರಿಗೆಲ್ಲ ಗೊತ್ತು.  ಇಷ್ಟು ವರ್ಷ ನುಂಗಿಕೊಂಡ ಸಿಟ್ಟೆಲ್ಲ ನನ್ನ ದನಿಯಲ್ಲಿ ಹೊರಬಂತು.

"ಈ ಹುಡುಗ ಒಬ್ಬ ನೆಟ್ಟಗೆ ನಿಂತು, ಮನೆ ನನ್ನ ಹೆಂಡ್ತೀದು ಅಂತಿದಾನೆ. ಅಷ್ಟು ಹೇಳೋ ಗಂಡಸು ಈ ಅಂಗಡೀಲಿ ಇನ್ನೊಬ್ಬ ಇದ್ರೆ ಎದ್ದು ನಿಲ್ಲಲಿ, ನೋಡೋಣ."

ಯಾರೂ ಏಳಲಿಲ್ಲ. ಸಿ ಅಲ್ಲಾಲ್ ಚೀಲದಿಂದ ಹೊಸ ಹಾಳೆ ತೆಗೆದ. 'ತೊಯಿಬ್ ತನ್ನ ಹೆಂಡತಿಯ ಮನೆಯಲ್ಲಿ ವಾಸವಾಗಿದ್ದಾನೆ' ಎಂದು ಬರೆಯುವಾಗ, ಪಾಪ, ಅವನಿಗೆ ಹಲ್ಲು ಕಿತ್ತಷ್ಟು ನೋವಾಗುತ್ತಿತ್ತು. ಆದರೂ ಬರೆದ. ಬರೆದ ಮೇಲೆ ನನ್ನ ಕಿವಿಯ ಹತ್ತಿರ, "ಆ ಮನೆ ನಿಮ್ಮದು ಅಂತ ಅವತ್ತು ನಂಗೆ ಗೊತ್ತಿರ್ಲಿಲ್ಲ ಲಲ್ಲಾ," ಎಂದ.

"ಕೇಳ್ಬೇಕಿತ್ತು," ಎಂದೆ.

ಮರುದಿನ ಕಚೇರಿ ತೆರೆಯುವ ಮೊದಲೇ ನಾವು ಬಾಗಿಲಲ್ಲಿದ್ದೆವು. ಅಧಿಕಾರಿ ಹೊಸ ಕಾಗದ ಓದಿ, ತೊಯಿಬ್‌ನನ್ನೂ ಮೊಯ್ನಾಳನ್ನೂ ನೋಡಿ ನಿಟ್ಟುಸಿರಿಟ್ಟ. ಅವನಿಗೆ ಪಾಪವೆನ್ನಿಸಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

"ನೋಡಪ್ಪಾ, ಇಲ್ಲಿಗೆ ವಿದ್ಯಾರ್ಥಿಗಳ ಹೆಂಡ್ತೀರು ಬರ್ತಾರೆ. ಗಂಡ ಬಂದಿದ್ದು ನಾನು ಕಂಡಿಲ್ಲ. ಕಾರ್ಡಿನ ಮೇಲೆ ವಿಳಾಸ ಬರುತ್ತೆ, ಹೆಂಡತಿಯ ಮನೆ ಅಂತ. ನಿನ್ನನ್ನ ಸಾಕೋರು ಯಾರು ಅನ್ನೋ ಕಡೆ ಅವಳ ಹೆಸರೇ ಬರುತ್ತೆ. ನೀನು ಬಸ್ ನಿಲ್ದಾಣದಲ್ಲಿ ಕಾರ್ಡ್ ತೋರಿಸ್ದಾಗೆಲ್ಲ ಪೊಲೀಸ್ನೋರು ನಗ್ತಾರೆ. ಈಗ್ಲೂ ಹೇಳ್ತೀನಿ, ಕರಾರು ಬದಲಾಯ್ಸು, ಮುಖದ್ದಮನ ಹಳೇ ಕಾಗದಾನೇ ಇಟ್ಕೋತೀನಿ. ಸಂಜೆವರೆಗೂ ಕಾಯ್ತೀನಿ."

ಮೊಯ್ನಾ ಗಂಡನ ಮುಖ ನೋಡಿದಳು.

"ನಕ್ಕ ಮೇಲೆ ಇರೋಕೆ ಬಿಡ್ತಾರಲ್ವಾ ಸೀದಿ?" ಎಂದು ತೊಯಿಬ್, ದೊಡ್ಡವರನ್ನು ಸ್ವಾಮಿ ಎಂದು ಕರೆಯುವಂತೆ, ವಿನಯದಿಂದಲೇ ಕೇಳಿದ.

"ಬಿಡ್ದೆ ಏನು? ಕಾರ್ಡ್ ಇರುತ್ತಲ್ಲ."

"ಹಾಗಾದ್ರೆ ನಗ್ಲಿ ಬಿಡಿ. ಹಾಗೇ ಬರೀರಿ."

ಅಧಿಕಾರಿ ಪೆನ್ನು ತೆಗೆದುಕೊಂಡು ಹಾಗೇ ಬರೆದ.